ಒಪ್ಪತ್ತು ಮಾಡಿ ದಪ್ಪಗಾದದ್ದು

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನನಗೆ ಎಂದೂ ಕಷ್ಟವಾದದ್ದಿಲ್ಲ. ಏಳುವುದು ಬೇರೆಯೇ ವಿಷಯ. ಅದು ನನಗೆ ತಿಳಿದದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ಹಾಲಿನಲ್ಲಿ, ಹದಿನೇಳು ಹೆಂಗಸರ ಎದುರು.

ಮಂಡಳಿಯಲ್ಲಿ ಹೆಂಗಸರದ್ದೇ ಒಂದು ಕುಣಿತ ಭಜನೆಯ ತಂಡ ಕಟ್ಟುವುದೆಂದು ನಿಶ್ಚಯವಾಗಿತ್ತು. ನವರಾತ್ರಿಯ ಒಂದು ಸಂಜೆ ನೇರುಳಿನ ದೇವಸ್ಥಾನವೊಂದರಲ್ಲಿ ನಮ್ಮ ಸೇವೆ. ದೀಪದ ಸುತ್ತ ತಾಳ ಹಿಡಿದು ಹಾಡುತ್ತ ಕುಣಿಯಬೇಕು. ನಡುನಡುವೆ ಕುಕ್ಕರಗಾಲಿನಲ್ಲಿ ಕೂತು ಏಳಬೇಕು, ಬಗ್ಗಬೇಕು, ತಿರುಗಬೇಕು, ಅದೂ ಇಪ್ಪತ್ತು ನಿಮಿಷ ನಿಲ್ಲಿಸದೆ. ಕಲಿಸಲು ಠಾಣೆಯ ಕೋಪರಿಯಿಂದ ಒಬ್ಬಳು ಬರುತ್ತಿದ್ದಳು. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು. ನಾವೆಲ್ಲ ಅವಳನ್ನು ಟೀಚರ್ ಎನ್ನುತ್ತಿದ್ದೆವು, ಅವಳು ನಮ್ಮನ್ನೆಲ್ಲ ಅಕ್ಕ ಎನ್ನುತ್ತಿದ್ದಳು.

ಮೊದಲ ದಿನವೇ ಅವಳು ಒಂದು ಪರೀಕ್ಷೆ ಇಟ್ಟಳು.

"ಎಲ್ಲ ಅಕ್ಕಂದಿರು ನೆಲದಲ್ಲಿ ಕೂತ್ಕೊಳ್ಳಿ. ಈಗ ಕೈ ಊರದೆ ಏಳ್ಬೇಕು. ಗೋಡೆ ಇಲ್ಲ, ಪಕ್ಕದವರ ಹೆಗಲು ಇಲ್ಲ."

ಹದಿನೇಳು ಜನ ಹೇಗೋ ಎದ್ದರು. ನಾನು ಏಳಲು ಹೋದೆ, ಹಿಂದಕ್ಕೆ ವಾಲಿದೆ, ಇನ್ನೊಮ್ಮೆ ಹೋದೆ, ಪಕ್ಕಕ್ಕೆ ವಾಲಿದೆ. ಮೂರನೆಯ ಸಲ ಇಬ್ಬರು ಬಂದು ನನ್ನ ಎರಡು ರಟ್ಟೆ ಹಿಡಿದು, ಬಾವಿಗೆ ಬಿದ್ದ ಕೊಡಪಾನವನ್ನು ಎತ್ತುವ ಹಾಗೆ ಎತ್ತಿದರು. ಸೀರೆ ಹರಿಯಲಿಲ್ಲ, ಅದೊಂದು ದೇವರ ದಯೆ.

"ಅಕ್ಕ, ನಿಮ್ಮ ಸ್ವರ ಎಷ್ಟು ಚಂದ ಉಂಟು" ಎಂದಳು ಟೀಚರ್. ಅವಳ ದನಿಯ ಮೆದುವಿನಲ್ಲೇ ನನಗೆ ಮುಂದಿನ ಮಾತು ಗೊತ್ತಾಯಿತು. "ನೀವು ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಹಾಡಿ, ಆಗ್ದಾ?"

ನಾನು ಸಣ್ಣವಳಿದ್ದಾಗ ತುಳುನಾಡಿನ ನಮ್ಮ ಊರಿನಲ್ಲಿ ಕುಣಿತ ಭಜನೆ ಗಂಡಸರದ್ದು. ನಾವು ಹುಡುಗಿಯರು ಬದಿಯಲ್ಲಿ ಪಂಚಕಜ್ಜಾಯದ ಹರಿವಾಣ ಹಿಡಿದು ನಿಲ್ಲಬೇಕಿತ್ತು. ಹರಿವಾಣ ಅಲುಗಬಾರದು, ಆದರೆ ಕೆಳಗೆ ನನ್ನ ಪಾದ ತಾಳ ಹಾಕುತ್ತಲೇ ಇತ್ತು. ನಲವತ್ತು ವರ್ಷವಾದ ಮೇಲೆ ಆ ಪಾದಕ್ಕೊಂದು ಅವಕಾಶ ಬಂದಿತ್ತು, ಈಗ ಕುರ್ಚಿ ಎನ್ನುತ್ತಾರೆ! ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿಯೋ ಏನೋ, ಟೀಚರ್ ಇನ್ನೊಂದು ಮಾತು ಸೇರಿಸಿದಳು. "ನವರಾತ್ರಿಗೆ ಇನ್ನೂ ನಾಲ್ಕು ತಿಂಗಳುಂಟು. ಮೂರು ತಿಂಗಳು ಕಳೆದು ಇನ್ನೊಮ್ಮೆ ನೋಡುವ. ಅಲ್ಲಿವರೆಗೆ ನಿಮ್ಮ ಜಾಗ ಖಾಲಿ ಇಡ್ತೇನೆ. ಆದ್ರೆ ಎದ್ದೇ ತೋರಿಸ್ಬೇಕು, ಅಕ್ಕ."

ನನಗೆ ಮೂರು ತಿಂಗಳು ಸಿಕ್ಕಿತು.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಮೊಣಕಾಲಿಗೆ ಏನೂ ಆಗಿಲ್ಲ, ತೊಡೆಯಲ್ಲಿ ಸ್ನಾಯು ಇಲ್ಲ ಎಂದರು. "ಇಲ್ಲದೆ ಏನು, ಇಷ್ಟು ದೊಡ್ಡದಿದೆಯಲ್ಲ" ಎಂದೆ. "ದೊಡ್ಡದಿರುವುದು ಬೇರೆ" ಎಂದರು. ಕೊಬ್ಬು ಇಳಿಯಬೇಕು, ಸ್ನಾಯು ಬೆಳೆಯಬೇಕು, ಎರಡೂ ಒಟ್ಟಿಗೆ.

ಇದನ್ನು ಕೇಳಿ ನನ್ನ ಮಗಳಿಗೆ ಹಬ್ಬವಾಯಿತು. ಅವಳು ಐರೋಲಿಯ ಆಫೀಸಿಗೆ ಹೋಗಿಬರುತ್ತಾಳೆ, ಸಂಜೆ ಜಿಮ್ಮಿನಲ್ಲಿ ಕಬ್ಬಿಣ ಎತ್ತುತ್ತಾಳೆ, ಊಟ ಜಿಮ್ಮಿನಿಂದ ಬಂದ ಮೇಲೆ, ತಾನೇ ಕಟ್ಟಿಕೊಂಡ ಡಬ್ಬಿಯಿಂದ. ಕನ್ನಡ ತುಳು ಎರಡೂ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮೂರು ಭಾಷೆಯ ಮಿಸಳ್. ಇಷ್ಟು ವರ್ಷ ಅವಳಿಗೆ ನಾನು ಹೇಳುತ್ತಿದ್ದೆ, ತಿನ್ನು ತಿನ್ನು ಎಂದು. ಈಗ ಅವಳ ಸರದಿ.

"ಅಮ್ಮಾ, ಟೆನ್ಶನ್ ನಹೀ ಲೇನೇ ಕಾ. ನಾನು ಚಾರ್ಟ್ ಮಾಡ್ತೇನೆ" ಎಂದು ಒಂದು ಕಾಗದ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಬೆಳಿಗ್ಗೆ ಮತ್ತು ಸಂಜೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಪ್ರತಿ ಊಟದಲ್ಲೂ ಬೇಳೆ, ಕಾಳು, ಮೊಸರು, ಪನೀರ್ ಇವುಗಳಲ್ಲಿ ಒಂದು. ಕೊನೆಗೆ ಕೆಂಪು ಶಾಯಿಯಲ್ಲಿ: ಅನ್ನ ದಿನಕ್ಕೆ ಒಂದೇ ಸಲ, ಮಧ್ಯಾಹ್ನ, ಒಂದು ಬಟ್ಟಲು. ರಾತ್ರಿ ಅನ್ನ ಇಲ್ಲ.

ಓದಿ ನನಗೆ ನಗು ತಡೆಯಲಾಗಲಿಲ್ಲ. ಇಷ್ಟೇನಾ? ಇದು ಒಪ್ಪತ್ತು! ಮದುವೆಯಾದಂದಿನಿಂದ ಪ್ರತಿ ಸೋಮವಾರ ಮಾಡುತ್ತ ಬಂದದ್ದು. ಹಗಲು ಒಂದು ಊಟ, ರಾತ್ರಿ ಪಲಾರ. ವಾರಕ್ಕೆ ಒಂದು ದಿನ ಇದ್ದದ್ದು ಇನ್ನು ಏಳು ದಿನ, ಅಷ್ಟೇ. ಆರೋಗ್ಯಕ್ಕೆ ಆರೋಗ್ಯ, ಪುಣ್ಯಕ್ಕೆ ಪುಣ್ಯ. ದೇವರು ಮಗಳ ಕೈಯಿಂದ ವ್ರತ ಬರೆಸಿದ್ದಾನೆಂದುಕೊಂಡು, ಚಾರ್ಟಿಗೆ ಒಂದು ಕುಂಕುಮದ ಬೊಟ್ಟು ಇಟ್ಟೆ.

ವ್ಯಾಯಾಮವನ್ನು ನಾನು ಪ್ರಾಮಾಣಿಕವಾಗಿ ಮಾಡಿದೆ. ಒಂದು, ಎರಡು ಎಂದು ಎಣಿಸಿದರೆ ಐದಕ್ಕೇ ಸುಸ್ತು. ಆದ್ದರಿಂದ ಕೇಶವನಾಮ ಹಿಡಿದೆ. ಕೇಶವ ಎಂದು ಏಳುವುದು, ಕೂರುವುದು, ನಾರಾಯಣ ಎಂದು ಏಳುವುದು, ಕೂರುವುದು. ಮೊದಲ ವಾರ ತ್ರಿವಿಕ್ರಮನ ಹತ್ತಿರ ನಿಂತುಹೋಗುತ್ತಿದ್ದೆ. ಎರಡನೆಯ ವಾರ ದಾಮೋದರನವರೆಗೆ ಹೋದೆ. "ಹನ್ನೆರಡು ರೆಪ್ಸ್! ಶಾಬ್ಬಾಸ್" ಎಂದಳು ಮಗಳು. ಇಪ್ಪತ್ತನಾಲ್ಕು ನಾಮವಿರುವುದನ್ನು ನಾನು ಅವಳಿಗೆ ಹೇಳಲಿಲ್ಲ.

ಇನ್ನು ಪಲಾರದ ವಿಷಯ. ಸೋಮವಾರ ಅವಲಕ್ಕಿ. ಮಂಗಳವಾರ ನೀರುದೋಸೆ, ಕಾಯಿಬೆಲ್ಲ. ಬುಧವಾರ ಒತ್ತುಶಾವಿಗೆ, ಕಾಯಿಹಾಲು. ಗುರುವಾರ ಪುಂಡಿ, ಅದೇ ಅಕ್ಕಿತರಿಯ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಶುಕ್ರವಾರ ಮಣ್ಣಿನ ಓಡಿನ ಮೇಲೆ ಹೊಯ್ಯುವ ಓಡುದೋಸೆ. ಅನ್ನವನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಮ್ಮವರು ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ದಿನವಿಡೀ ಬೇರೆಯವರಿಗೆ ದೋಸೆ ಹೋಗುವುದನ್ನು ನೋಡಿ, ಮನೆಯಲ್ಲಿ ಅನ್ನ ಸಾರು ಬೇಕೆನ್ನುವ ಜೀವ. ಅವರೂ ನನ್ನ ಜೊತೆ ವ್ರತಕ್ಕೆ ನಿಂತರು.

"ಇವಳೇ, ಇನ್ನೆರಡು ಹಾಕು" ಎಂದರು ಪುಂಡಿಯ ಪಾತ್ರೆ ತೋರಿಸಿ. "ಇಂಥ ಡಯಟ್ ಆದ್ರೆ ಜೀವಮಾನ ಇಡೀ ಮಾಡ್ಬಹುದು. ಜನ ಸುಮ್ನೆ ಹೆದರ್ತಾರೆ."

"ಹೌದಲ್ಲ, ಹಸಿವೆಯೇ ಗೊತ್ತಾಗುದಿಲ್ಲ" ಎಂದೆ ನಾನು.

ಒಂದು ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ತೂಕದ ಯಂತ್ರಕ್ಕೆ ಮನಸ್ಸಿನಲ್ಲೇ ನಮಸ್ಕರಿಸಿ ಹತ್ತಿದೆ. ಶುರುವಿನಲ್ಲಿ ಎಪ್ಪತ್ತೊಂದು ಇತ್ತು. ಈಗ ಎಪ್ಪತ್ತಮೂರೂವರೆ.

ಮಗಳು ಬಗ್ಗಿ ನೋಡಿದಳು. ನನ್ನನ್ನು ಇಳಿಸಿದಳು, ತಾನು ಹತ್ತಿದಳು, ಇಳಿದಳು, ಅಪ್ಪನನ್ನು ಹತ್ತಿಸಿದಳು. ಅವರದ್ದೂ ಮೂರು ಕಿಲೋ ಏರಿತ್ತು. ಅವರು ಮೆಲ್ಲಗೆ ಇಳಿದು ಪೇಪರಿನ ಹಿಂದೆ ಅಡಗಿದರು.

"ಮಸಲ್ ಆಗಿರ್ಬೇಕು" ಎಂದೆ ನಾನು ಆಸೆಯಿಂದ.

ಅವಳು ನನ್ನ ಬ್ಲೌಸ್ ಅಳತೆಯ ಟೇಪನ್ನೇ ತಂದು ಸೊಂಟಕ್ಕೆ ಸುತ್ತಿದಳು. "ಮಸಲ್ ಕಮರ್ ಪೇ ಆತಾ ಹೈ ಕ್ಯಾ, ಅಮ್ಮಾ? ನಿಜ ಹೇಳು. ದೇವಸ್ಥಾನದಲ್ಲಿ ಏನು ತಿಂತೀ?"

"ತೀರ್ಥ ತಗೊಳ್ತೇನೆ."

"ತೀರ್ಥದಲ್ಲಿ ಎರಡೂವರೆ ಕಿಲೋ?"

ನನಗೆ ಅಳುವೇ ಬಂತು. ಒಂದು ತಿಂಗಳು ಹೋಗಿತ್ತು, ಎರಡೇ ಉಳಿದಿತ್ತು. ನಾನು ಕದ್ದು ತಿಂದಿಲ್ಲ, ಸುಳ್ಳು ಹೇಳಿಲ್ಲ. ನೆಲದಿಂದ ಏಳಲು ಹೋದರೆ ಈಗಲೂ ಕೈ ನೆಲ ಹುಡುಕುತ್ತಿತ್ತು. ದೇವರ ಮುಂದೆ ನಿಂತು, ನಿನಗೆ ನನ್ನ ಕುಣಿತ ಬೇಡವಾದರೆ ಬೇಡವೆಂದು ನೇರ ಹೇಳು, ಯಂತ್ರದ ಬಾಯಿಂದ ಹೇಳಿಸಬೇಡ ಎಂದೆ.

ಉತ್ತರ ಬಂದದ್ದು ಆ ಗುರುವಾರ. ಜಿಮ್ಮಿಗೆ ಏನೋ ರಜೆಯೆಂದು ಮಗಳು ಸಂಜೆ ಏಳಕ್ಕೇ ಮನೆಗೆ ಬಂದಳು. ನಾವಿಬ್ಬರೂ ಪಲಾರಕ್ಕೆ ಕೂತಿದ್ದೆವು. ಅವರ ತಟ್ಟೆಯಲ್ಲಿ ಎಂಟು ಪುಂಡಿ, ನನ್ನದರಲ್ಲಿ ಆರು, ನಡುವೆ ಕಾಯಿಚಟ್ನಿ, ಬೆಲ್ಲದ ಪಾಕ.

ಅವಳು ಬ್ಯಾಗ್ ಇಳಿಸದೆ ನಿಂತಳು. "ಅಮ್ಮಾ. ಯೇ ಕ್ಯಾ ಹೈ?"

"ಪಲಾರ."

"ಇದು ಯಾವುದ್ರಿಂದ ಮಾಡುದು?"

"ಅಕ್ಕಿಯಿಂದ."

"ನಿನ್ನೆ ಏನು ತಿಂದದ್ದು?"

"ಶಾವಿಗೆ."

"ಅದು?"

"ಅದೂ ಅಕ್ಕಿಯದ್ದೇ. ಅದಕ್ಕೇನೀಗ? ಅನ್ನ ಅಲ್ವಲ್ಲ!"

ಅವಳು ನೆಲದಲ್ಲೇ ಕೂತುಬಿಟ್ಟಳು. "ಅಮ್ಮಾ, ರೈಸ್ ನೋ ಅಂತ ಬರೆದಿದ್ದೆ. ರೈಸ್!"

"ಅನ್ನ ಅಂತ ಬರೆದಿದ್ದೀ, ನೋಡು ಬೇಕಾದ್ರೆ" ಎಂದು ಅವಳ ಅಪ್ಪ ನನ್ನ ಪಕ್ಷ ಹಿಡಿದರು. ಬಾಯಲ್ಲಿ ಪುಂಡಿ ಇತ್ತು. "ಅಕ್ಕಿ ಅರೆದ ಮೇಲೆ ಅದು ಅನ್ನ ಹೇಗಾಗ್ತದೆ? ನಿನ್ನ ಅಜ್ಜಿ ಅರವತ್ತು ವರ್ಷ ಒಪ್ಪತ್ತು ಮಾಡಿದವರು, ರಾತ್ರಿ ದೋಸೆಯೇ ತಿಂದದ್ದು. ಅವರಿಗೆ ಗೊತ್ತಿರಲಿಲ್ವಾ?"

"ಅಜ್ಜಿ ಡಾನ್ಸ್ ಮಾಡ್ತಿದ್ರಾ?"

"ಭಟ್ರನ್ನೇ ಕೇಳುವ" ಎಂದೆ ನಾನು. ನನಗೆ ಪೂರ್ತಿ ಧೈರ್ಯವಿತ್ತು.

ಮಂಡಳಿಯ ಪೂಜೆಗೆ ಬರುವ ಭಟ್ಟರು ಫೋನ್ ಎತ್ತಿದರು. ಮಗಳು ಸ್ಪೀಕರ್ ಹಾಕಿದಳು. ನಾನು ವಿಷಯವೆಲ್ಲ ಹೇಳಿ, ಪುಂಡಿ ಅನ್ನವೋ ಅಲ್ಲವೋ ಎಂದು ಕೇಳಿದೆ.

"ಅನ್ನ ಅಲ್ಲ" ಎಂದರು ಭಟ್ಟರು ಗಂಭೀರವಾಗಿ. "ವ್ರತಕ್ಕೆ ಏನೂ ದೋಷ ಇಲ್ಲ. ನೀವು ಮಾಡಿದ್ದು ಸರಿ."

ನಾನು ಮಗಳ ಮುಖ ನೋಡಿದೆ. ನಮ್ಮವರು ಇನ್ನೊಂದು ಪುಂಡಿಗೆ ಕೈ ಹಾಕಿದರು.

"ಆದ್ರೆ ಅಮ್ಮ," ಭಟ್ಟರ ಸ್ವರ ಸ್ವಲ್ಪ ತಗ್ಗಿತು, "ನನ್ನ ಶುಗರಿನ ಡಾಕ್ಟ್ರು ಇದನ್ನು ಒಪ್ಪುದಿಲ್ಲ. ನಾನು ಎರಡು ಸಲ ಹೇಳಿ ನೋಡಿದ್ದೇನೆ."

ಫೋನ್ ಇಟ್ಟೆವು. ಮೊದಲು ನಕ್ಕವಳು ಮಗಳು. ಆಮೇಲೆ ನಾನು. ನಮ್ಮವರು ನಗಲಿಲ್ಲ; ಪುಂಡಿಯ ಪಾತ್ರೆ ಇನ್ನು ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದರು.

ಅವಳು ನನ್ನನ್ನು ಬೈಯಲಿಲ್ಲ, ಅದನ್ನು ಹೇಳಲೇಬೇಕು. ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದಳು. ಅಕ್ಕಿ ವೈರಿಯಲ್ಲ, ಅದರಲ್ಲಿರುವ ಕಾರ್ಬ್ ಇಲ್ಲದಿದ್ದರೆ ಸ್ನಾಯುವಿಗೆ ಕೆಲಸ ಮಾಡಲು ಕಸುವೇ ಇರುವುದಿಲ್ಲ, ಆದರೆ ಯಾವುದು, ಎಷ್ಟು, ಯಾವಾಗ ಎಂಬುದು ಮುಖ್ಯ. "ಕೆಲವು ಝಟ್ ಅಂತ ರಕ್ತಕ್ಕೆ ಹೋಗ್ತದೆ, ಕೆಲವು ಹಳು ಹಳು, ನಿಧಾನಕ್ಕೆ. ನೀನು ಆರು ಪುಂಡಿ ತಿಂದು ಸೀರಿಯಲ್ ನೋಡ್ತೀ. ಅದು ಎಲ್ಲಿಗೆ ಹೋಗ್ಬೇಕು ಪಾಪ?"

ನಾನು ಅದನ್ನು ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ತವರಿನ ಬಚ್ಚಲೊಲೆಗೆ ತೆಂಗಿನ ಗರಿ ತುರುಕಿದರೆ ಭಗ್ಗೆಂದು ಉರಿದು, ನೀರು ಬಿಸಿಯಾಗುವ ಮೊದಲೇ ಬೂದಿ. ಒಂದು ಕೊರಡು ಇಟ್ಟರೆ ಎಲ್ಲರ ಸ್ನಾನ ಮುಗಿಯುವವರೆಗೂ ಕೆಂಡ. ನೀರುದೋಸೆ ಗರಿ. ಕುಚ್ಚಲಕ್ಕಿ, ಹುರುಳಿ, ಹೆಸರು, ಗೆಣಸು ಇವೆಲ್ಲ ಕೊರಡು. ಇಷ್ಟು ಸುಲಭದ ವಿಷಯವನ್ನು ಇಂಗ್ಲಿಷಿನಲ್ಲಿ ಅಷ್ಟು ಕಷ್ಟ ಮಾಡಿ ಯಾಕೆ ಬರೆಯುತ್ತಾರೋ.

ಹೊಸ ಚಾರ್ಟನ್ನು ಈ ಸಲ ನಾನೇ ಹೇಳಿ ಅವಳಿಂದ ಬರೆಸಿದೆ, ಎಲ್ಲೂ ಸಂದಿ ಇರದ ಹಾಗೆ. ಮಧ್ಯಾಹ್ನ ಒಂದು ಬಟ್ಟಲು ಕುಚ್ಚಲಕ್ಕಿ ಅನ್ನ, ಅದಕ್ಕಿಂತ ದೊಡ್ಡ ಬಟ್ಟಲಿನಲ್ಲಿ ಹುರುಳಿ ಸಾರು, ತಟ್ಟೆಯ ಅರ್ಧ ಪಲ್ಯ. ಸಂಜೆ ವ್ಯಾಯಾಮಕ್ಕೆ ಮುಂಚೆ ಒಂದು ಬಾಳೆಹಣ್ಣು ಅಥವಾ ಬೇಯಿಸಿದ ಗೆಣಸು. ರಾತ್ರಿ ಮೊಳಕೆ ಹೆಸರು, ಪನೀರು, ಒಂದು ಜೋಳದ ಭಾಕರಿ. ಭಾಕರಿ ತಟ್ಟಲು ನನಗೆ ಬರುತ್ತಿರಲಿಲ್ಲ. ನನ್ನದು ಮಹಾರಾಷ್ಟ್ರದ ನಕ್ಷೆಯ ಹಾಗೆ ಆಗುತ್ತಿತ್ತು. ಕೆಳಗಿನ ಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ಎರಡು ದಿನ ನನ್ನ ಕೈ ಹಿಡಿದು ಕಲಿಸಿದರು. ಗುರುದಕ್ಷಿಣೆಯಾಗಿ ನೀರುದೋಸೆ ಕೊಟ್ಟೆ. ನಮ್ಮ ಮನೆಯ ನೀರುದೋಸೆಗೂ ಒಂದು ದಾರಿ ಬೇಕಿತ್ತಲ್ಲ.

ಓಟ್ಸಿನ ಉಪ್ಪಿಟ್ಟನ್ನೂ ಒಮ್ಮೆ ಮಾಡಿದೆ. ನಮ್ಮವರು ಒಂದು ತುತ್ತು ಬಾಯಿಗಿಟ್ಟು, "ಇದನ್ನು ನಮ್ಮ ಹೋಟೆಲಿನಲ್ಲಿ ಕೊಟ್ರೆ ಗಿರಾಕಿ ಪ್ಲೇಟಿನ ಜೊತೆ ನನ್ನನ್ನೂ ಹೊರಗೆ ಬಿಸಾಡ್ತಾನೆ" ಎಂದರು. ಅದು ಅಲ್ಲಿಗೆ ಮುಗಿಯಿತು.

ಏಕಾದಶಿಯಂದು ಇನ್ನೊಂದು ಯುದ್ಧ. ಈ ಊರಿಗೆ ಬಂದ ಮೇಲೆ ಉಪವಾಸಕ್ಕೆ ಸಾಬುದಾನ ಖಿಚಡಿ ನನಗೂ ರೂಢಿಯಾಗಿತ್ತು. ಮಗಳು ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಅಮ್ಮಾ, ಉಳಿದ ದಿನಕ್ಕಿಂತ ಉಪವಾಸದ ದಿನವೇ ನೀನು ಜಾಸ್ತಿ ತಿಂತೀ" ಎಂದಳು. ನನಗೆ ಸಿಟ್ಟು ಬಂತು, ಯಾಕೆಂದರೆ ಅದು ನಿಜ. ಆಮೇಲೆ ಏಕಾದಶಿಗೆ ಹಾಲು, ಹಣ್ಣು, ಒಂದು ಹಿಡಿ ನೆಲಗಡಲೆ. ಮದುವೆಯಾದ ಮೇಲೆ ಮೊದಲ ಸಲ ಉಪವಾಸದ ದಿನ ಹಸಿವೆಯಾಯಿತು. ಮರುದಿನದ ಪಾರಣೆ ಅಷ್ಟು ರುಚಿಯಾಗಿ ಹಿಂದೆಂದೂ ಇರಲಿಲ್ಲ.

ಎರಡನೆಯ ತಿಂಗಳು ಯಂತ್ರ ಎಪ್ಪತ್ತೊಂದಕ್ಕೆ ಬಂತು, ಎಂದರೆ ನಾನು ಹೊರಟಲ್ಲಿಗೇ. ಮೂರನೆಯ ತಿಂಗಳು ಎರಡು ಕಿಲೋ ಇಳಿಯಿತು. ಸಣ್ಣ ಸಣ್ಣ ಸಂಗತಿಗಳು ಕಾಣಿಸತೊಡಗಿದವು. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ನಡುವೆ ನಿಂತು ಜಾಹೀರಾತು ಓದುವ ನಾಟಕ ಬೇಕಾಗಲಿಲ್ಲ. ದೇವರ ಕೋಣೆಯಲ್ಲಿ ಕೆಳಗಿನ ಕಪಾಟಿನಿಂದ ದೀಪದೆಣ್ಣೆಯ ಕ್ಯಾನ್ ತೆಗೆದು ನೆಟ್ಟಗೆ ನಿಂತೆ. ನಿಂತ ಮೇಲೆ ಹೊಳೆಯಿತು, ಆಸರೆಗೆ ನಾನು ಏನನ್ನೂ ಹಿಡಿದುಕೊಂಡಿರಲಿಲ್ಲ. ಎಣ್ಣೆ ಕೈಯಲ್ಲಿ ಹಿಡಿದೇ ದೇವರಿಗೆ ಕೈಮುಗಿಯಲು ಹೋಗಿ ಸ್ವಲ್ಪ ಚೆಲ್ಲಿದೆ. ಕೇಶವನಾಮ ಕೃಷ್ಣನವರೆಗೆ, ಇಪ್ಪತ್ತನಾಲ್ಕೂ, ಎರಡು ಸುತ್ತು ಆಗುತ್ತಿತ್ತು.

ಆದರೆ ನೆಲದಿಂದ ಏಳುವುದು ಮಾತ್ರ ಹತ್ತರಲ್ಲಿ ಆರು ಸಲ ಆಗುತ್ತಿತ್ತು, ನಾಲ್ಕು ಸಲ ಇಲ್ಲ. ಯಾವ ಆರು, ಯಾವ ನಾಲ್ಕು ಎಂದು ಮೊದಲೇ ಹೇಳುವ ಉಪಾಯವಿರಲಿಲ್ಲ.

ಟೀಚರ್ ಹೇಳಿದ ದಿನ ಬಂತು. ಸಂಜೆ ಐದಕ್ಕೆ ಮಂಡಳಿಗೆ ಹೋಗಬೇಕು. ಅದೇ ದಿನ ಮಧ್ಯಾಹ್ನ ಪಕ್ಕದ ಬಿಲ್ಡಿಂಗಿನಲ್ಲಿ ಸತ್ಯನಾರಾಯಣ ಪೂಜೆ. ಹೋಗದಿರುವ ಹಾಗಿಲ್ಲ, ಹೋದರೆ ಪ್ರಸಾದ ಬೇಡವೆನ್ನುವ ಹಾಗಿಲ್ಲ. ಆ ಮನೆಯವರು ತುಪ್ಪ ಸೋರುವ ಸಪಾದಭಕ್ಷ್ಯವನ್ನು, ಅದೇ ರವೆ ಸಕ್ಕರೆಯ ಸಿಹಿ ಪ್ರಸಾದವನ್ನು, ದೊನ್ನೆ ತುಂಬ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಮನೆಗೆ ಬಂದು, ಮಗಳ ಎದುರು ಅಪರಾಧಿಯ ಹಾಗೆ ನಿಂತೆ. ಅವಳು ಅಂದು ನನಗೋಸ್ಕರ ರಜೆ ಹಾಕಿದ್ದಳು.

ಅವಳು ದೊನ್ನೆ ನೋಡಿದಳು, ಗಡಿಯಾರ ನೋಡಿದಳು.

"ಎರಡು ಗಂಟೆ ಟೈಮ್ ಇದೆ. ತಿನ್ನು."

"ಏನು?"

"ಅರ್ಧ ತಿನ್ನು. ಕಾರ್ಬ್ ಇದೆ, ಸಂಜೆ ಕೆಲಸಕ್ಕೆ ಬರ್ತದೆ. ಬಾಳೆಹಣ್ಣಿನ ಬದಲು ಇದು."

ಮೂರು ತಿಂಗಳಲ್ಲಿ ವಿಜ್ಞಾನ ಮತ್ತು ದೇವರು ಒಂದೇ ಮಾತು ಹೇಳಿದ್ದು ಅಂದೇ. ಅವರಿಬ್ಬರೂ ಮನಸ್ಸು ಬದಲಿಸುವ ಮೊದಲು ತಿಂದು ಮುಗಿಸಿದೆ. ಉಳಿದರ್ಧ ನಮ್ಮವರಿಗೆ ಹೋಯಿತು. ಅವರಿಗೆ ಸಂಜೆ ಏನು ಕೆಲಸವಿತ್ತೆಂದು ಯಾರೂ ಕೇಳಲಿಲ್ಲ.

ಹಾಲಿನಲ್ಲಿ ಹದಿನೇಳು ಜನ ಆಗಲೇ ತಾಳ ಹಿಡಿದು ವೃತ್ತದಲ್ಲಿ ನಿಂತಿದ್ದರು. ಮೂರು ತಿಂಗಳಲ್ಲಿ ಅವರು ಎಷ್ಟೋ ಕಲಿತುಬಿಟ್ಟಿದ್ದರು. ವೃತ್ತದಲ್ಲಿ ಒಂದು ಕಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿತ್ತು. ಅದು ನನ್ನ ಜಾಗ.

"ಬನ್ನಿ ಅಕ್ಕ" ಎಂದಳು ಟೀಚರ್. "ಕೂತ್ಕೊಳ್ಳಿ."

ಕೂತೆ. ಮಗಳು ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತಿದ್ದಳು. ಜಿಮ್ಮಿನಲ್ಲಿ ಅಷ್ಟು ಭಾರ ಎತ್ತುವವಳು, ಉಗುರು ಕಚ್ಚುತ್ತಿದ್ದಳು. ನಾನು ಸೆರಗು ಸಿಕ್ಕಿಸಿ, ಎರಡೂ ಕೈ ಎದೆಯ ಮುಂದೆ ಜೋಡಿಸಿದೆ. ಅವು ಕೆಳಗೆ ಹೋಗದಿರಲೆಂದು ಅದೇ ಒಳ್ಳೆಯ ಉಪಾಯ. ಮುಂದಕ್ಕೆ ಬಗ್ಗಿದೆ. ತೊಡೆ ನಡುಗಿತು. ನಡುಗಲಿ, ಅದರಲ್ಲಿ ಈಗ ನಡುಗಲಿಕ್ಕಾದರೂ ಏನೋ ಇದೆ ಎಂದುಕೊಂಡೆ. ಪೃಷ್ಠ ನೆಲ ಬಿಟ್ಟಿತು. ಅರ್ಧದಲ್ಲಿ ಒಂದು ಕ್ಷಣ ನಿಂತೆ, ಮೇಲೂ ಇಲ್ಲ ಕೆಳಗೂ ಇಲ್ಲ. ಯಾರೋ ಒಬ್ಬಳು ಎತ್ತಲು ಮುಂದೆ ಬಂದಳು.

"ಮುಟ್ಬೇಡಿ!" ಎಂದೆ ನಾನು. ಅಷ್ಟು ಜೋರಾಗಿ ನಾನು ಮಂಡಳಿಯಲ್ಲಿ ಎಂದೂ ಮಾತಾಡಿದವಳಲ್ಲ.

ಎದ್ದು ನಿಂತೆ.

ಕಿರುಚಿದವಳು ನನ್ನ ಮಗಳು, ಅದೂ ಶುದ್ಧ ತುಳುವಿನಲ್ಲಿ. ಅವಳ ಬಾಯಲ್ಲಿ ಇಷ್ಟು ತುಳು ಇತ್ತೇ ಎಂದು ನನಗೆ ಆಶ್ಚರ್ಯವಾಯಿತು. ಟೀಚರ್ ನನ್ನ ಕೈಗೆ ತಾಳ ಕೊಟ್ಟಳು.

"ಒಂದು ಮಾತ್ರೆ ತಡ ಆಯ್ತು, ಅಕ್ಕ" ಎಂದಳು. ಆದರೆ ನಗುತ್ತಿದ್ದಳು. "ತಿಂಗಳಲ್ಲಿ ಸರಿ ಮಾಡುವ. ಹೋಗಿ, ನಿಮ್ಮ ಜಾಗದಲ್ಲಿ ನಿಲ್ಲಿ."

ಹೋಗಿ ನಿಂತೆ. ಎರಡೂ ಬದಿಯವರು ಸ್ವಲ್ಪ ಸರಿದರು. ಟೀಚರ್ ಶ್ರುತಿಪೆಟ್ಟಿಗೆ ಸರಿಮಾಡುತ್ತಿದ್ದಳು, ಶುರುವಾಗಲು ಇನ್ನೂ ಸಮಯವಿತ್ತು. ಆ ಹೊತ್ತಿನಲ್ಲಿ ನಾನು ಯಾರೂ ಹೇಳದೆಯೇ ಇನ್ನೊಮ್ಮೆ ನೆಲದಲ್ಲಿ ಕೂತು ಎದ್ದೆ. ಮೊದಲು ಎದ್ದದ್ದು ಸುಳ್ಳಲ್ಲವೆಂದು ನನಗೇ ಗೊತ್ತಾಗಬೇಕಿತ್ತು.